ಬಂಡಿಮನೆಯ ಸುಧಾರಣೆ

ಕಾರಿನ ಹಿಂಬದಿಗೆ ಕೊಂಡಿ ಹಾಕಿ ಎಳೆದೊಯ್ಯುವ ಚಿಕ್ಕ ಮನೆಯನ್ನು ಅಮೆರಿಕದವರು ಟ್ರಾವೆಲ್ ಟ್ರೇಲರ್ ಎಂದೂ ಇಂಗ್ಲೆಂಡಿನವರು ಕ್ಯಾರವಾನ್ ಎಂದೂ ಕರೆಯುವರು. ನಮ್ಮ ನುಡಿಯಲ್ಲಿ ಇದಕ್ಕೆ ರೂಢವಾದ ಹೆಸರು ಇನ್ನೂ ಹುಟ್ಟಿಲ್ಲ. 'ಚಲಗೃಹ'ವೆಂದು ಬಿಗಿಯಾದೊಂದು ಸಂಸ್ಕೃತಪದವನ್ನು ಟಂಕಿಸುವ ಆಸೆ ನಮಗುಂಟಾದರೂ, ವಾಚಕರ ಮೇಲಣ ದಯೆಯಿಂದ ಅದನ್ನು ಅಡಗಿಸಿಕೊಂಡು 'ಬಂಡಿಮನೆ'ಯೆಂದೇ ಬರೆಯುವೆವು. ಮಂಚ, ಅನಿಲದ ಒಲೆ, ನೀರಿನ ತೊಟ್ಟಿ, ಶೌಚಗೃಹ, ದೀಪ, ಇವೆಲ್ಲವೂ ೧೬ ಅಡಿ ಉದ್ದದ ಪೆಟ್ಟಿಗೆಯೊಂದರಲ್ಲಿ ಅಡಕವಾಗಿ, ಎರಡೇ ಚಕ್ರಗಳ ಮೇಲೆ ಗಂಟೆಗೆ ೫೫ ಮೈಲಿ ವೇಗದಲ್ಲಿ ಓಡತಕ್ಕವು ಎಂದರೆ, ಅದರ ಒಳಗೂ ಹೊರಗೂ ಸದಾ ಏನಾದರೊಂದು ರಿಪೇರಿ ಇದ್ದೇ ಇರುವುದೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ನಮ್ಮ ವಾಚಕರಲ್ಲಿ ಅನೇಕರ ಮಕ್ಕಳು ಹೊರದೇಶಗಳಲ್ಲಿ ಸಂಸಾರ ಹೂಡಿರುವರು. ಅವರ ಬಳಿ ಐದಾರು ತಿಂಗಳು ಇದ್ದು ಬರಲು ಹೋಗುವ ತಾಯಿತಂದೆಗಳಿಗೆ ಅಲ್ಲಿ ಎಲ್ಲವೂ ಉಂಟು, ಕೈಗೆ ಕೆಲಸ ಮಾತ್ರ ಇಲ್ಲ. ವೃತ್ತಿಯಿಂದ ನಿವೃತ್ತರಾದ ಮೇಲೆ ಮಿಷಿಗನ್ ಪ್ರಾಂತದ ನಮ್ಮ ಮಗನ ಮನೆಯಲ್ಲಿ ಎರಡು ಬೇಸಗೆಗಳನ್ನು ಕಳೆದ ನಮಗೆ ಆ ಕೊರತೆಯನ್ನು ತುಂಬಿಕೊಟ್ಟದ್ದು ಅವನು ಕೊಂಡುತಂದ ಹಳೆಯ ಬಂಡಿಮನೆ. ಒಳ್ಳೆಯ ಕಸುಬುದಾರರ ಕೂಲಿ ಅಲ್ಲಿ ಬಹಳ ದುಬಾರಿ. ಕರೆದರೆ ಬರುವುದೂ ವಾರಗಳ ತರುವಾಯ. ಆದಕಾರಣ ಗೃಹಸ್ಥನು ತಾನೇ ಮಾಡಿಕೊಳ್ಳುವುದು ಆ ದೇಶದಲ್ಲಿ ಸಹಜವಾದ ಪದ್ಧತಿ.

ಈ ಪದ್ಧತಿ ಬಂಡಿಮನೆಯಷ್ಟೇ ಹಳೆಯದು. ಕೇವಲ ವಿಹಾರಕ್ಕಾಗಿ ಇಂತಹ ಮನೆಯನ್ನು ಕಟ್ಟಿಸಿದವರಲ್ಲಿ ಮೊದಲಿಗರೆಂದು ಎಣಿಸಲ್ಪಡುವ ಗಾರ್ಡನ್ ಸ್ಟೇಬಲ್ಸ್ ಎಂಬ ವೈದ್ಯರ ಬಂಡಿಯನ್ನು ೧೮೮೫ರಲ್ಲಿ ಬ್ರಿಸ್ಟಲ್ ಪಟ್ಟಣದ ಕಾರ್ಖಾನೆಯೊಂದು ಮಾಡಿಕೊಟ್ಟಿತು. ಎರಡು ಕುದುರೆಗಳು ಅದನ್ನು ಎಳೆಯುತ್ತಿದ್ದುವು. ಏರ್‌ಸ್ಟ್ರೀಮ್ ಕಂಪನಿಯನ್ನು ೧೯೩೧ರಲ್ಲಿ ಸ್ಥಾಪಿಸಿದ ವಾಲಿ ಬೈಯಾಮ್ ಎಂಬಾತನಾದರೋ, ಬಂಡಿಗಳನ್ನು ಮಾರುವುದಕ್ಕೆ ಮೊದಲು, ಜನರು ತಾವೇ ಕಟ್ಟಿಕೊಳ್ಳಲು ಬೇಕಾದ ನಕ್ಷೆಗಳನ್ನು ಮಾರುತ್ತಿದ್ದನು. ಈಗ ಅಮೆರಿಕದ ಬಂಡಿಮನೆಗಳಲ್ಲಿ ಬಹುಭಾಗ ಇಂಡಿಯಾನಾ ಪ್ರಾಂತದ ಎಲ್ಕಾರ್ಟ್ ಪಟ್ಟಣದ ಸುತ್ತಮುತ್ತಲೇ ತಯಾರಾಗುವುವು.

ಪ್ರಕೃತಕ್ಕೆ ಬರೋಣ. ನಮ್ಮ ಸೊಸೆಯು ಸುಧಾರಣೆಗಳ ಪಟ್ಟಿಯೊಂದನ್ನು ಮೊದಲೇ ಸಿದ್ಧಪಡಿಸಿದ್ದಳು: ಕಪಾಟುಗಳಿಗೆ ಬಿಳಿಯ ಬಣ್ಣ, ಕಿಟಕಿಗಳಿಗೆ ಹೊಸ ಪರದೆ, ಗೋಡೆಗೆ ಹೂಬಳ್ಳಿಯ ಕಾಗದ. ಅಲಂಕಾರಕ್ಕೆ ನಾವು ವಿರೋಧಿಗಳಲ್ಲ. ಕಾವ್ಯಪಾಠ ಹೇಳುತ್ತ ತಲೆ ನರೆಸಿಕೊಂಡವರು ಅಲಂಕಾರವನ್ನು ಹೇಗೆ ಹಳಿಯಬಲ್ಲೆವು? ಆದರೆ ಶಬ್ದಾರ್ಥಗಳೆಂಬ ಶರೀರವೇ ಕೊಳೆತಿದ್ದರೆ ಉಪಮೆಯು ಮಾಡುವುದೇನು? ಹಿಂದಿನ ಒಡೆಯನು ಮಂಚದ ಮೂಲೆಯಲ್ಲಿ ಅಂದವಾದ ಕಾಗದವನ್ನು ಅಂಟಿಸಿದ್ದನು. ನಾವು ಅದನ್ನು ಬೆರಳಿನಿಂದ ಒತ್ತಿದೆವು. ಬೆರಳು ಒಳಗೆ ಹೋಯಿತು. ಕಾಗದದ ಹಿಂದಿನ ಹಲಗೆಯು ನೆನೆದ ಅವಲಕ್ಕಿಯಂತಾಗಿತ್ತು.

"ಮಾವ, ಮೊದಲು ನಿಮ್ಮ ಕೆಲಸವೇ ಆಗಲಿ," ಎಂದು ಸೊಸೆಯು ತನ್ನ ಪಟ್ಟಿಯನ್ನು ಮಡಿಸಿಟ್ಟಳು.

ಬಂಡಿಮನೆಯ ಪರಮಶತ್ರು ನೀರು. ಅದರ ಗೋಡೆಯು ಇಟ್ಟಿಗೆಯದಲ್ಲ. ಸಣ್ಣ ರೀಪುಗಳ ಚೌಕಟ್ಟಿಗೆ ಹೊರಗೆ ತಗಡು ಅಥವಾ ಫೈಬರ್‌ಗ್ಲಾಸು, ಒಳಗೆ ತೆಳ್ಳನೆಯ ಪ್ಲೈವುಡ್ಡು, ನಡುವೆ ಶಾಖ ತಡೆಯುವ ಗಾಜಿನ ಹತ್ತಿ ಅಥವಾ ನೊರೆಹಲಗೆ, ಇಷ್ಟೇ. ಮಾಡಿನ ಮೇಲೆ ಬಹುಮಟ್ಟಿಗೆ ರಬ್ಬರಿನ ಹಾಳೆಯನ್ನು ಹಾಸಿರುವರು. ಹಾಳೆಯು ಹದಿನೈದು ಇಪ್ಪತ್ತು ವರ್ಷ ಬಾಳಿದರೂ, ಬೆಳಕಿಂಡಿ, ಕೊಳವೆ, ಅಂಚುಪಟ್ಟಿ ಮೊದಲಾದವು ಅದನ್ನು ತೂತುಮಾಡಿ ಹೊರಬರುವ ಸಂದುಗಳಲ್ಲಿ ಹಾಕಿದ ಅಂಟು ಬಿಸಿಲಿಗೂ ಹಿಮಕ್ಕೂ ಸಿಕ್ಕಿ ಬಹಳ ಬೇಗನೆ ಬಿರಿಯುವುದು. ಕೂದಲೆಳೆಯಷ್ಟು ಬಿರುಕು ಸಾಕು. ರಸ್ತೆಯಲ್ಲಿ ಓಡುವಾಗ ಗಾಳಿಯೇ ಮಳೆಯ ನೀರನ್ನು ಒಳಕ್ಕೆ ನೂಕುವುದು. ಅದು ಬೀಳುವುದೂ ಬಿರುಕಿನ ಕೆಳಗಲ್ಲ. ರೀಪಿನ ಗುಂಟ ಹರಿದು ಎಲ್ಲಿಯೋ ದೂರದ ಮೂಲೆಯಲ್ಲಿ ಇಂಗುವುದು. ಕಲೆ ಕಾಣುವ ಹೊತ್ತಿಗೆ ಮರವು ಕೊಳೆತಿರುವುದು.

ಪರೀಕ್ಷಿಸುವ ಕ್ರಮ ಹೇಗೆಂದರೆ: ಬರಿಗಾಲಿನಲ್ಲಿ ನೆಲದ ಮೇಲೆ ಅಡಿಯಡಿಯಾಗಿ ನಡೆಯಬೇಕು, ಮೆತ್ತಗಾದ ಜಾಗ ಪಾದಕ್ಕೆ ತಿಳಿಯುವುದು. ಗೋಡೆಯನ್ನು ಅಂಗೈಯಿಂದ ಒತ್ತುತ್ತ ಬರಬೇಕು. ಕಪಾಟುಗಳ ಒಳಮೂಲೆ, ಮಂಚದ ಅಡಿ, ಕಿಟಕಿಯ ಕೆಳಗಣ ಚೌಕಟ್ಟು ಇವುಗಳಲ್ಲಿ ಸಂಶಯ ಬಂದಲ್ಲಿ ದಬ್ಬಳದಿಂದ ಮೆಲ್ಲನೆ ಚುಚ್ಚಿ ನೋಡಬೇಕು. ಒಂದು ಅಗುಳನ್ನು ಹಿಸುಕಿ ಅನ್ನವೆಲ್ಲ ಬೆಂದಿತೆಂದು ತಿಳಿಯುವ ಸ್ಥಾಲೀಪುಲಾಕನ್ಯಾಯವು ಇಲ್ಲಿ ನಡೆಯದು. ಒಂದು ಮೂಲೆ ಗಟ್ಟಿಯಾಗಿದ್ದುದರಿಂದ ಇನ್ನೊಂದು ಮೂಲೆಯ ವಿಷಯ ಏನೂ ತಿಳಿಯುವುದಿಲ್ಲ. ಆ ಮೇಲೆ ಒಬ್ಬರು ಒಳಗೆ ದೀಪ ಹಿಡಿದು ನಿಂತು, ಇನ್ನೊಬ್ಬರು ಹೊರಗಿನಿಂದ ರಬ್ಬರ್ ಕೊಳವೆಯಲ್ಲಿ ನೀರು ಬಿಡತಕ್ಕದ್ದು. ಕೆಳಗಿನಿಂದ ಮೇಲಕ್ಕೆ ಬರಬೇಕು, ಮೇಲಿನಿಂದ ಕೆಳಕ್ಕಲ್ಲ. ಮೊದಲೇ ಮಾಡಿನ ಮೇಲೆ ಸುರಿದರೆ ನೀರು ಎಲ್ಲ ಸಂದುಗಳ ಮೇಲೂ ಹರಿದು, ಯಾವುದು ಸೋರಿತೆಂಬುದು ತಿಳಿಯದೆ ಹೋಗುವುದು. ನಮ್ಮ ಮೊಮ್ಮಗನಿಗೆ ಈ ಕೊಳವೆಯ ಅಧಿಕಾರ ದೊರೆತುದರಿಂದ ಆ ಮಧ್ಯಾಹ್ನ ನಾವೂ ಸಾಕಷ್ಟು ನೆನೆದೆವು. ಸೋರುವ ಸಂದು ಮಾತ್ರ ಸಿಕ್ಕಿತು. ಮಾಡಿನ ಬೆಳಕಿಂಡಿಯ ಮುಂದಣ ಅಂಚಿನಲ್ಲಿ ಎರಡು ಅಂಗುಲದ ಬಿರುಕು.

ಇದನ್ನು ಮುಚ್ಚುವುದಕ್ಕೆ ಅಂಗಡಿಯಲ್ಲಿ ಕೈಗೆ ಸಿಕ್ಕಿದ ಅಂಟನ್ನು ಕೊಳ್ಳಬಾರದು. ಸ್ನಾನದ ಕೋಣೆಗೆ ಬಳಸುವ ಸಿಲಿಕೋನ್ ಅಂಟು ರಬ್ಬರ್ ಮಾಡಿಗೆ ಸರಿಯಾಗಿ ಹಿಡಿಯುವುದಿಲ್ಲ. ಮುಂದೆ ಅದರ ಮೇಲೆ ಬೇರೆ ಯಾವುದನ್ನೂ ಹಿಡಿಯಗೊಡುವುದೂ ಇಲ್ಲ. ಬಂಡಿಮನೆಯ ಮಾಡಿಗೆಂದೇ ಮಾರುವ 'ಲ್ಯಾಪ್ ಸೀಲೆಂಟ್' ಎಂಬುದುಂಟು. ಅದರಲ್ಲಿಯೂ ಎರಡು ಬಗೆ: ತಾನಾಗಿ ಹರಡಿ ಮಟ್ಟವಾಗುವುದು ಮಾಡಿಗೆ, ಇಟ್ಟಲ್ಲಿಯೇ ನಿಲ್ಲುವುದು ನೆಟ್ಟಗಿನ ಗೋಡೆಗೆ. ಒಣಹವೆಯ ದಿನವನ್ನು ಆರಿಸಿಕೊಂಡು, ಸೋಪಿನ ನೀರಿನಿಂದ ಜಾಗವನ್ನು ತೊಳೆದು ಆರಲು ಬಿಟ್ಟು, ಸಡಿಲವಾದ ಹಳೆಯ ಅಂಟನ್ನು ಪ್ಲಾಸ್ಟಿಕ್ ಚಮಚದಂತಹ ಮೊಂಡು ಸಾಧನದಿಂದ ಎಬ್ಬಿಸಿ ತೆಗೆಯಬೇಕು. ಗಟ್ಟಿಯಾಗಿ ಹಿಡಿದಿರುವುದನ್ನು ಕೀಳಬೇಕಾದುದಿಲ್ಲ. ಅದರ ಮೇಲೆಯೇ ಹೊಸದನ್ನು ಹಾಕಬಹುದು. ಸೀಮೆಎಣ್ಣೆ, ಪೆಟ್ರೋಲು ಮೊದಲಾದವುಗಳಿಂದ ಒರೆಸಿದರೆ ರಬ್ಬರು ಊದಿಕೊಂಡು ಕೆಡುವುದು. ಮಾಡಿನ ಮೇಲೆ ಮೊಣಕಾಲೂರುವಾಗ ಭಾರ ಹರಡುವಂತೆ ಅಗಲವಾದ ಹಲಗೆಯನ್ನು ಹಾಸಿಕೊಳ್ಳುವುದು ಅವಶ್ಯ. ಅರುವತ್ತು ದಾಟಿದವರು ಏಣಿ ಹತ್ತುವ ಕೆಲಸವನ್ನು ಮಕ್ಕಳಿಗೆ ಬಿಟ್ಟು, ಕೆಳಗೆ ನಿಂತು ಏಣಿಯನ್ನು ಹಿಡಿದುಕೊಳ್ಳುವುದು ಲೇಸು. ಕೆಳಗಿನಿಂದ ಉಪದೇಶ ಮಾಡುವುದಕ್ಕೆ ಯಾವ ಅಡ್ಡಿಯೂ ಇಲ್ಲ.

ಕಿಟಕಿಯ ಸಂದು ಸೋರುವುದಾದರೆ ಹೊರಗಿನಿಂದ ಅಂಟು ಬಳಿಯುವುದು ಕೇವಲ ತೇಪೆ. ಕಿಟಕಿಯ ಚೌಕಟ್ಟನ್ನು ತಿರುಪುಗಳಿಂದ ಬಿಚ್ಚಿ ತೆಗೆದು, ಹಿಂದಿನ ಒಣಗಿದ ಮೆತ್ತೆಯನ್ನು ಕೆರೆದುಹಾಕಿ, ಬ್ಯೂಟಿಲ್ ಪಟ್ಟಿಯೆಂಬ ಅಂಟಾದ ರಬ್ಬರ್ ಪಟ್ಟಿಯನ್ನು ಸುತ್ತಲೂ ಅಂಟಿಸಿ ಮತ್ತೆ ಕೂರಿಸಬೇಕು. ತಿರುಪುಗಳನ್ನು ಒಮ್ಮೆಗೇ ಬಿಗಿಯದೆ, ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿದು, ಮರುದಿನ ಇನ್ನೊಮ್ಮೆ ಬಿಗಿದರೆ ಪಟ್ಟಿಯು ಚೆನ್ನಾಗಿ ಕೂರುವುದು. ಕೊಳೆತ ಹಲಗೆಯನ್ನು ಕತ್ತರಿಸಿ ಹೊಸದನ್ನು ಹಾಕುವುದು ಇವೆಲ್ಲ ಆದ ಮೇಲಿನ ಮಾತು. ಸೋರುವುದು ನಿಂತ ಮೇಲೆಯೂ ಕೆಲವು ದಿನ ಬೀಸಣಿಗೆ ಹಾಕಿ ಒಳಗಣ ಮರವನ್ನು ಒಣಗಿಸಬೇಕು; ತೇವದ ಮೇಲೆ ಹೊಸ ಹಲಗೆ ಹೊಡೆದರೆ ಅದಕ್ಕೂ ಅದೇ ಗತಿ.

ಹೊರಗಿನ ನೀರನ್ನು ತಡೆದುದಾಯಿತು. ಆದರೆ ಒಳಗೆ ನಾವೇ ಉಂಟುಮಾಡುವ ನೀರೊಂದುಂಟು. ಇದನ್ನು ಕೇಳಿ ನಮ್ಮ ಮನೆಯಾಕೆ ನಂಬಲೇ ಇಲ್ಲ. ಒಲೆಯಲ್ಲಿ ಒಂದು ಪೌಂಡು ಪ್ರೋಪೇನ್ ಅನಿಲವು ಉರಿದರೆ ಒಂದೂವರೆ ಪೌಂಡಿಗಿಂತ ಹೆಚ್ಚು ನೀರು ಆವಿಯಾಗಿ ಹೊರಬರುವುದು. ಅನಿಲದಲ್ಲಿರುವ ಜಲಜನಕವು ಗಾಳಿಯ ಆಮ್ಲಜನಕದೊಡನೆ ಕೂಡಿ ನೀರಾಗುವುದರಿಂದ ತೂಕವು ಹೀಗೆ ಹೆಚ್ಚುವುದು. ಅನ್ನ ಸಾರು ಕುದಿದ ಹಬೆ, ನಾಲ್ವರ ಉಸಿರು ಇವು ಬೇರೆ. ಇಷ್ಟೂ ಆವಿಯು ತಣ್ಣನೆಯ ರಾತ್ರಿಯಲ್ಲಿ ಗೋಡೆಗೂ ಗಾಜಿಗೂ ತಾಗಿ ಹನಿಗೂಡುವುದು. ಹಾಸಿಗೆಯ ಅಡಿಯಲ್ಲಿ ಗಾಳಿಯಾಡದ ಹಲಗೆಯ ಮೇಲೆ ನಿಂತು ಬೂಷ್ಟು ಹಿಡಿಸುವುದು. ಇದಕ್ಕೆ ಸುಲಭವಾದ ಉಪಾಯ: ಮಂಚದ ಹಲಗೆಯ ಮೇಲೆ ಒಂದಂಗುಲ ದಪ್ಪದ ರೀಪುಗಳನ್ನು ಮೂರು ನಾಲ್ಕು ಅಂಗುಲಕ್ಕೊಂದರಂತೆ ಹೊಡೆದು ಅವುಗಳ ಮೇಲೆ ಹಾಸಿಗೆಯನ್ನು ಹಾಸುವುದು. ಸೋರಿಕೆಯಿಂದಲೇ ಹಾಸಿಗೆ ನೆನೆಯಿತೆಂದು ತಿಳಿದು ಮಾಡನ್ನೆಲ್ಲ ಅಂಟಿನಿಂದ ಮೆತ್ತುವವರಿಗೆ ಈ ರೀಪುಗಳು ಬಹಳ ಶ್ರಮ ಉಳಿಸಿಯಾವು.

ಅಡಿಗೆಯ ವಿಷಯದಲ್ಲಿ ಕನ್ನಡದ ಗೃಹಿಣಿಯರಿಗೆ ವಿಶೇಷವಾಗಿ ಹೇಳತಕ್ಕುದೊಂದಿದೆ. ಬಂಡಿಮನೆಯ ಚಾವಣಿಯಲ್ಲಿ ಹೊಗೆಯನ್ನು ಕಂಡರೆ ಕೂಗುವ ಯಂತ್ರ ಇರುವುದು. ಸಾಸಿವೆ ಸಿಡಿದು ಒಣಮೆಣಸಿನಕಾಯಿ ಎಣ್ಣೆಗೆ ಬಿದ್ದ ಕ್ಷಣದಲ್ಲಿ ಅದು ಅರಚಿಕೊಳ್ಳುವುದು. ಮಲಗಿದ್ದ ಮಗು ಏಳುವುದು. ಪಕ್ಕದ ಬಂಡಿಯವರು ಇಣುಕುವರು. ಎರಡು ಸಲ ಹೀಗಾದ ತರುವಾಯ ಯಾರಾದರೊಬ್ಬರು ಕುರ್ಚಿ ಹತ್ತಿ ಅದರ ಬ್ಯಾಟರಿಯನ್ನು ಕಿತ್ತಿಡುವರು. ನಾವು ಕಂಡ ಬಂಡಿಮನೆಗಳಲ್ಲಿ ಒಂದಕ್ಕಿಂತ ಹೆಚ್ಚು ಕಡೆ ಹೀಗೆ ಆಗಿತ್ತು. ಇದು ಎಂದಿಗೂ ಆಗಕೂಡದು. ಒಂದೇ ಬಾಗಿಲಿನ ಮರದ ಪೆಟ್ಟಿಗೆಯಲ್ಲಿ ಮಕ್ಕಳೊಡನೆ ಮಲಗುವವರಿಗೆ ಆ ಕೂಗೊಂದೇ ರಕ್ಷೆ.

ಒಗ್ಗರಣೆಯನ್ನು ಬಿಡುವುದೂ ಆಗದು, ಯಂತ್ರವನ್ನು ಕೀಳುವುದೂ ಆಗದು. ಎರಡಕ್ಕೂ ನಡುವಣ ದಾರಿ ಹೀಗಿದೆ. ಅಮೆರಿಕದ ಬಂಡಿಮನೆಗಳ ಮಾಡಿನ ಬೆಳಕಿಂಡಿಯು ಸಾಮಾನ್ಯವಾಗಿ ೧೪ ಅಂಗುಲದ ಚೌಕವಾಗಿರುವುದರಿಂದ ಅದಕ್ಕೆ ಸರಿಹೊಂದುವ ಬೀಸಣಿಗೆಗಳು ಸಿದ್ಧವಾಗಿಯೇ ದೊರೆಯುವುವು. ಗಾಳಿಯನ್ನು ಹೊರಕ್ಕೆ ಎಳೆಯುವಂತೆ ಅದನ್ನು ಕೂರಿಸಿ, ಒಲೆಯ ಆಚೆಬದಿಯ ಕಿಟಕಿಯನ್ನು ನಾಲ್ಕು ಬೆರಳು ತೆರೆದರೆ ಹೊಗೆಯೂ ಹಬೆಯೂ ನೇರವಾಗಿ ಹೊರಗೆ ಹೋಗುವುವು. ಹುರಿಯುವುದು ಕರಿಯುವುದು ಮೊದಲಾದುವನ್ನು ಹೊರಗೆ ಮೇಜಿನ ಮೇಲೆ ಬೇರೊಂದು ಚಿಕ್ಕ ಒಲೆಯಲ್ಲಿ ಮಾಡುವುದು ಇನ್ನೂ ಉತ್ತಮ. ಸೊಸೆಯು ಹುಳಿಪುಡಿ, ಚಟ್ನಿಪುಡಿ, ಹುರಿದ ರವೆ, ಗೊಜ್ಜವಲಕ್ಕಿಯ ಸಾಮಗ್ರಿ ಇವನ್ನೆಲ್ಲ ಮನೆಯಲ್ಲೇ ಮಾಡಿಟ್ಟುಕೊಂಡು ಹೊರಟುದರಿಂದ ನಾಲ್ಕು ದಿನದ ಪ್ರವಾಸದಲ್ಲಿ ಬಾಣಲೆಗೆ ಹೆಚ್ಚು ಕೆಲಸವೇ ಬೀಳಲಿಲ್ಲ.

ಹೊಗೆಯಾದರೂ ಕಣ್ಣಿಗೆ ಕಾಣುವುದು, ಮೂಗಿಗೆ ತಿಳಿಯುವುದು. ಕಾರ್ಬನ್ ಮಾನಾಕ್ಸೈಡ್ ಎಂಬ ವಿಷವಾಯುವಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಗಾಳಿ ಸಾಲದೆ ಉರಿಯುವ ಒಲೆಯಿಂದಲೂ, ಪಕ್ಕದಲ್ಲಿ ಓಡುವ ಜನರೇಟರಿನ ಹೊಗೆಯಿಂದಲೂ ಅದು ಬರುವುದು. ರಕ್ತವು ಆಮ್ಲಜನಕವನ್ನು ಹಿಡಿಯುವುದಕ್ಕಿಂತ ಇನ್ನೂರು ಪಾಲಿಗೂ ಮಿಕ್ಕ ಬಲದಿಂದ ಇದನ್ನು ಹಿಡಿದುಕೊಳ್ಳುವುದರಿಂದ, ಮಲಗಿದವರು ಮಲಗಿದಂತೆಯೇ ತೀರಿಹೋಗುವರು. ಚಳಿಯೆಂದು ಒಲೆ ಹಚ್ಚಿಟ್ಟು ಮಲಗುವುದು ಎಷ್ಟು ಅಪಾಯವೆಂಬುದನ್ನು ಇನ್ನು ವಿವರಿಸಬೇಕಾಗಿಲ್ಲ. ಈ ವಾಯುವನ್ನು ಕಂಡುಹಿಡಿದು ಕೂಗುವ ಯಂತ್ರ ಮಲಗುವ ಜಾಗದ ಹತ್ತಿರ ಇರಬೇಕು. ಅನಿಲದ ಸೋರಿಕೆಯನ್ನು ತಿಳಿಸುವ ಯಂತ್ರವಾದರೋ ನೆಲದ ಹತ್ತಿರ ಇರಬೇಕು. ಏಕೆಂದರೆ ಪ್ರೋಪೇನ್ ಗಾಳಿಗಿಂತ ಭಾರವಾಗಿ ಕೆಳಗೆ ಹರಡುವುದು. ಈ ಯಂತ್ರಗಳಿಗೂ ಆಯುಸ್ಸುಂಟು. ಬಗೆಗೆ ತಕ್ಕಂತೆ ಐದು, ಏಳು ಅಥವಾ ಹತ್ತು ವರ್ಷ. ಬೆನ್ನಿನ ಮೇಲೆ ತಯಾರಾದ ದಿನವನ್ನೋ ಬದಲಾಯಿಸಬೇಕಾದ ದಿನವನ್ನೋ ಮುದ್ರಿಸಿರುವರು. ನಮ್ಮ ಮಗನ ಬಂಡಿಯಲ್ಲಿದ್ದುದರ ಅವಧಿ ಮೂರು ವರ್ಷಗಳ ಹಿಂದೆಯೇ ತೀರಿತ್ತು. ಅದರ ಹಸುರು ದೀಪ ಮಾತ್ರ ಧಾರಾಳವಾಗಿ ಉರಿಯುತ್ತಲಿತ್ತು. ನಾವು ಮಾಡಿದ ಎಲ್ಲ ಸುಧಾರಣೆಗಳಲ್ಲಿ ಅತ್ಯಂತ ಸುಲಭವಾದುದು ಇದನ್ನು ಬದಲಾಯಿಸಿದ್ದು: ಎರಡು ತಿರುಪು, ಎರಡು ತಂತಿ, ಕಾಲು ಗಂಟೆ.

ಇನ್ನು ಭಾರದ ವಿಚಾರ. ಎತ್ತಿನ ಗಾಡಿಯನ್ನು ಹೂಡಿದ ನಮ್ಮ ಹಳ್ಳಿಗರಿಗೆ ಇದನ್ನು ಯಾವ ಗ್ರಂಥವೂ ಕಲಿಸಬೇಕಾಗಿರಲಿಲ್ಲ. ಹೇರು ಹಿಂದಕ್ಕೆ ಹೆಚ್ಚಾದರೆ ಮೂಕಿಯು ಮೇಲೆದ್ದು ಎತ್ತಿನ ಕೊರಳು ಬಿಗಿಯುವುದು. ಮುಂದಕ್ಕೆ ಹೆಚ್ಚಾದರೆ ನೊಗವು ಹೆಗಲನ್ನು ಕೊರೆಯುವುದು. ಗಾಡಿಕಾರನು ನೊಗವನ್ನು ಕೈಯಿಂದ ಎತ್ತಿ ನೋಡಿ ಮೂಟೆಗಳನ್ನು ಹಿಂದೆಮುಂದೆ ಸರಿಸುತ್ತಿದ್ದನು. ಬಂಡಿಮನೆಗೂ ಇದೇ ನ್ಯಾಯ, ಆದರೆ ದಂಡನೆ ಹೆಚ್ಚು. ಹಿಂಭಾರವಾದ ಬಂಡಿಯು ವೇಗದಲ್ಲಿ ಹಾವಿನ ಬಾಲದಂತೆ ಓಲಾಡತೊಡಗಿ, ಕಾರನ್ನೂ ಜೊತೆಗೆ ಎಳೆದುಕೊಂಡು ಉರುಳುವುದು. ತುಂಬಿದ ಬಂಡಿಯ ಒಟ್ಟು ತೂಕದಲ್ಲಿ ನೂರಕ್ಕೆ ೧೦ರಿಂದ ೧೫ ಪಾಲು ಮೂಕಿಯ ಮೇಲೆ, ಎಂದರೆ ಕಾರಿನ ಕೊಂಡಿಯ ಮೇಲೆ, ಕೂರಬೇಕೆಂಬುದು ಅಮೆರಿಕದವರ ನಿಯಮ. ಕಾರು ಮತ್ತು ಕೊಂಡಿ ತಾಳುವ ಮಿತಿಯನ್ನು ಮೀರಲೂಬಾರದು.

ಒಟ್ಟು ತೂಕವನ್ನು ಲಾರಿಗಳನ್ನು ತೂಗುವ ಕಟ್ಟೆಯಲ್ಲಿ ತಿಳಿಯಬಹುದು. ಮೂಕಿಯ ತೂಕಕ್ಕೆ ಸ್ನಾನದ ಕೋಣೆಯ ತಕ್ಕಡಿಯೇ ಸಾಕು. ಮೊದಲು ಸಮನೆಲದಲ್ಲಿ ಬಂಡಿಯ ಚಕ್ರಗಳಿಗೆ ಎರಡು ಕಡೆಯೂ ಅಡ್ಡಗಟ್ಟೆ ಕೊಟ್ಟು ಕಾರನ್ನು ಬೇರ್ಪಡಿಸಬೇಕು. ಅನಂತರ ಗಟ್ಟಿಯಾದ ಹಲಗೆಯ ಒಂದು ತುದಿಯನ್ನು ತಕ್ಕಡಿಯ ಮೇಲೂ, ಇನ್ನೊಂದು ತುದಿಯನ್ನು ತಕ್ಕಡಿಯಷ್ಟೇ ಎತ್ತರದ ಇಟ್ಟಿಗೆಯ ಮೇಲೂ ಇಟ್ಟು, ಎರಡು ಕಡೆಯೂ ಹಲಗೆಯ ಅಡಿಗೆ ಒಂದೊಂದು ದುಂಡು ಸಲಾಕೆಯನ್ನು ಸರಿಸಬೇಕು. ಸಲಾಕೆಗಳ ನಡುವೆ ಸರಿಯಾಗಿ ೩ ಅಡಿ ಅಂತರವಿರಲಿ. ಬರಿಯ ಹಲಗೆಗೆ ತಕ್ಕಡಿಯು ತೋರುವ ಅಂಕವನ್ನು ಬರೆದಿಟ್ಟುಕೊಂಡು, ಇಟ್ಟಿಗೆಯ ಸಲಾಕೆಯಿಂದ ೧ ಅಡಿ ದೂರದಲ್ಲಿ ಮೂಕಿಯ ಭಾರವನ್ನು ಹಲಗೆಯ ಮೇಲೆ ಇಳಿಸಬೇಕು. ಸನ್ನೆಯ ನಿಯಮದಂತೆ ತಕ್ಕಡಿಗೆ ಬರುವುದು ಮೂರನೆಯ ಒಂದು ಪಾಲು ಮಾತ್ರ. ಮೊದಲಿನ ಅಂಕವನ್ನು ಕಳೆದು, ಉಳಿದುದನ್ನು ಮೂರರಿಂದ ಗುಣಿಸಿದರೆ ಮೂಕಿಯ ತೂಕ ಸಿಕ್ಕುವುದು. ನಮ್ಮದರಲ್ಲಿ ಕಳೆದು ಉಳಿದದ್ದು ೯೫ ಪೌಂಡು; ಆದುದರಿಂದ ಮೂಕಿಯ ಮೇಲೆ ೨೮೫ ಪೌಂಡು. ಒಟ್ಟು ತೂಕ ೨,೯೦೦ ಪೌಂಡು. ಹತ್ತನೆಯ ಒಂದು ಪಾಲಿಗೂ ಸ್ವಲ್ಪ ಕಡಿಮೆಯೇ ಆಯಿತು. ಕಾರಣವನ್ನು ಹುಡುಕಬೇಕಾಗಿರಲಿಲ್ಲ: ಮಕ್ಕಳ ಎರಡು ಸೈಕಲುಗಳನ್ನು ಬಂಡಿಯ ಬೆನ್ನಿಗೆ ಕಟ್ಟಿತ್ತು. ಅವನ್ನು ಕಾರಿನ ನೆತ್ತಿಗೆ ವರ್ಗಾಯಿಸಿದ ಮೇಲೆ ತಕ್ಕಡಿಯು ೧೧೦ ತೋರಿತು, ಎಂದರೆ ೩೩೦. ಸೈಕಲುಗಳು ಇಳಿದು ಒಟ್ಟು ತೂಕವೂ ಅಷ್ಟು ಕಡಿಮೆಯಾದುದರಿಂದ ಪಾಲು ನೂರಕ್ಕೆ ಹನ್ನೊಂದನ್ನು ದಾಟಿತು. ಶಾಲೆಯಲ್ಲಿ ಮಕ್ಕಳಿಂದ ಬಾಯಿಪಾಠ ಮಾಡಿಸುತ್ತಿದ್ದ ಸನ್ನೆಯ ಲೆಕ್ಕವು ಮೊಮ್ಮಕ್ಕಳ ಪ್ರಾಣಕ್ಕೆ ಸಂಬಂಧಿಸಿದುದಾಗಿ ಎದುರಿಗೆ ನಿಂತುದನ್ನು ಕಂಡು ನಮಗೆ ಸಂತೋಷವೂ ಒಂದು ಬಗೆಯ ನಡುಕವೂ ಒಟ್ಟಿಗೇ ಆದವು.

ಭಾರದ ಈ ನಿಯಮವನ್ನೇ ಅಡಿಗೆಯ ಕಪಾಟಿಗೂ ಅನ್ವಯಿಸಬೇಕು. ಕುಟ್ಟಾಣಿ, ಕುಕ್ಕರು, ಅಕ್ಕಿಯ ಡಬ್ಬಿ ಇವು ಕೆಳಗೆ, ಅಚ್ಚಿನ ಸಮೀಪದಲ್ಲಿ ಇರಲಿ. ಹಪ್ಪಳ ಸಂಡಿಗೆಗಳು ಮೇಲಣ ಕಪಾಟಿನಲ್ಲಿ ಸುಖವಾಗಿರುವುವು. ಪಾತ್ರೆಗಳು ಜಾರದಂತೆ ರಬ್ಬರ್ ಜಾಲರಿಯ ಹಾಸು, ಡಬ್ಬಿಗಳು ಮುಂದಕ್ಕೆ ಬೀಳದಂತೆ ಒಳಗೆ ಸ್ಪ್ರಿಂಗ್ ಇರುವ ಪರದೆಯ ಕೋಲು, ಇಷ್ಟರಿಂದ ಕಪಾಟು ಸುಭದ್ರ. ಅತ್ತೆಸೊಸೆಯರು ಸೇರಿ ಹಳೆಯ ಜಮಖಾನವೊಂದನ್ನು ಕತ್ತರಿಸಿ ಹೊಲಿದ ಜೇಬುಗಳ ಸಾಲನ್ನು ಬಾಗಿಲ ಹಿಂದೆ ತೂಗಹಾಕಿದರು. ಚಪ್ಪಲಿ, ಟಾರ್ಚು, ಪಂಚಾಂಗ ಎಲ್ಲಕ್ಕೂ ಅಲ್ಲಿ ಜಾಗ.

ದೀಪಗಳ ಮಾತನ್ನು ಬೇಗ ಮುಗಿಸುವೆವು. ಹಳೆಯ ಬುರುಡೆಯೊಂದು ೧೨ ವೋಲ್ಟಿನ ಬ್ಯಾಟರಿಯಿಂದ ಸುಮಾರು ಒಂದೂವರೆ ಆಂಪಿಯರ್ ಎಳೆಯುವುದು. ಅಷ್ಟೇ ಬೆಳಕಿನ ಎಲ್‌ಇಡಿ ದೀಪಕ್ಕೆ ಅದರಲ್ಲಿ ಏಳನೆಯ ಒಂದು ಪಾಲು ಸಾಕು. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಬರಿದುಮಾಡಿದರೆ ಅದರ ಆಯುಸ್ಸು ತಗ್ಗುವುದರಿಂದ ಈ ಉಳಿತಾಯ ಅಲ್ಪವಲ್ಲ. ಟೈರುಗಳಾದರೋ ಬಂಡಿಮನೆಯಲ್ಲಿ ಸವೆದು ಕೆಡುವುದಕ್ಕಿಂತ ಮುದಿಯಾಗಿ ಕೆಡುವುದೇ ಹೆಚ್ಚು. ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಗಳಲ್ಲಿ ಮೊದಲೆರಡು ವಾರವನ್ನೂ ಕಡೆಯೆರಡು ವರ್ಷವನ್ನೂ ಹೇಳುವುವು. '೨೩೧೮' ಎಂದಿದ್ದರೆ ೨೦೧೮ರ ಇಪ್ಪತ್ತಮೂರನೆಯ ವಾರ. ಐದಾರು ವರ್ಷ ದಾಟಿದ್ದರೆ, ನೋಡಲು ಹೊಸದರಂತಿದ್ದರೂ ಬದಲಾಯಿಸುವುದು ಕ್ಷೇಮ. ಕೊಂಡಿಯ ಎರಡು ಸರಪಣಿಗಳನ್ನು ಮೂಕಿಯ ಕೆಳಗೆ ಕತ್ತರಿಯಾಕಾರದಲ್ಲಿ ಹಾಯಿಸಿ ಸಿಕ್ಕಿಸಬೇಕು. ಕೊಂಡಿ ಕಳಚಿದರೂ ಮೂಕಿಯು ರಸ್ತೆಗೆ ಕುಕ್ಕರಿಸದೆ ಅವುಗಳ ತೊಟ್ಟಿಲಲ್ಲಿ ನಿಲ್ಲುವುದು.

ಬಿಳಿಯ ಬಣ್ಣವನ್ನೂ ಪರದೆಗಳನ್ನೂ ಜುಲೈ ತಿಂಗಳಿನಲ್ಲಿ ಹಾಕಿದ್ದಾಯಿತು, ಚೆನ್ನಾಗಿಯೇ ಕಾಣುವುದು. ಹೂಬಳ್ಳಿಯ ಕಾಗದವನ್ನು ಸೊಸೆಯೇ ಬೇಡವೆಂದಳು. ಮುಂದೆ ತೇವ ಬಂದರೆ ಕಣ್ಣಿಗೆ ಬೀಳಲಿ ಎಂದು.

ಮಿಷಿಗನ್ನಿನಂತಹ ಸೀಮೆಯಲ್ಲಿ ಚಳಿಗಾಲಕ್ಕೆ ಮುಂಚೆ ಇನ್ನೊಂದು ಕೆಲಸವುಂಟು. ಕೊಳವೆಗಳಲ್ಲಿ ಉಳಿದ ನೀರು ಹೆಪ್ಪುಗಟ್ಟಿ ಹಿಗ್ಗಿ ಅವನ್ನು ಸೀಳುವುದರಿಂದ, ತೊಟ್ಟಿಯನ್ನೂ ಬಿಸಿನೀರಿನ ಹಂಡೆಯನ್ನೂ ಪೂರ್ತಿಯಾಗಿ ಬರಿದುಮಾಡಿ, ಕುಡಿಯುವ ನೀರಿನ ಕೊಳವೆಗಳಿಗೆಂದೇ ಮಾರುವ ಗುಲಾಬಿ ಬಣ್ಣದ ದ್ರವವನ್ನು ಎಲ್ಲ ನಲ್ಲಿಗಳಲ್ಲಿಯೂ ಬಣ್ಣ ಕಾಣುವವರೆಗೆ ಹಾಯಿಸಬೇಕು. ಕಾರಿನ ಎಂಜಿನ್ನಿಗೆ ಹಾಕುವ ದ್ರವವನ್ನು ಇದಕ್ಕೆ ಎಂದಿಗೂ ಬಳಸಬಾರದು, ಅದು ವಿಷ. ಕೊಳವೆಗಳು ನೆಲವನ್ನು ತೂರಿ ಬರುವ ಸಂದುಗಳಿಗೆ ಉಕ್ಕಿನ ನಾರನ್ನು ತುರುಕಿದರೆ ಇಲಿಗಳು ಒಳಸೇರುವುದಿಲ್ಲ. ಬ್ಯಾಟರಿಯನ್ನು ಬಿಚ್ಚಿ ತಂದು ಒಣಗಿದ ತಂಪು ಜಾಗದಲ್ಲಿಟ್ಟು, ತಿಂಗಳಿಗೊಮ್ಮೆ ವಿದ್ಯುತ್ತು ತುಂಬಿಸತಕ್ಕದ್ದು.